ಮೂರನೇ ನಂಬರಿನ ಗಾಳಿ

"ಕೈ ತೆಗೀರಿ ಅದರ ಮೇಲಿಂದ!"

ರೋನಾ ಟರ್ನ್‌ಬುಲ್ ಕೂಗಿದ ರಭಸಕ್ಕೆ ಅಂಗಳದ ಕಲ್ಲುಗೋಡೆಯ ಮೇಲಿದ್ದ ಕಾಗೆಗಳು ಎದ್ದು ಹಾರಿದವು.

ಬೆಳಿಗ್ಗೆ ಏಳೂವರೆ. ಅವಳ ವರ್ಕ್‌ಶಾಪಿನ ಮುಂದೆ ಅಪರಿಚಿತ ಗಂಡಸೊಬ್ಬ ಮೊಣಕಾಲೂರಿ ಕುಳಿತಿದ್ದ. ಅವನ ಕಿವಿ... ಅವಳು ತನ್ನ ಕೈಯಾರೆ ಕಟ್ಟಿದ ಸೈಕಲ್ಲಿನ ಕೊಳವೆಗೆ ಒತ್ತಿಕೊಂಡಿತ್ತು! ಉಗುರಿನಿಂದ ಮೆಲ್ಲಗೆ ತಟ್ಟುತ್ತ, ಕಣ್ಣು ಮುಚ್ಚಿ ಏನನ್ನೋ ಕೇಳಿಸಿಕೊಳ್ಳುತ್ತಿದ್ದ.

ಅವನು ಗಾಬರಿಯಿಂದ ಎದ್ದ. ಎತ್ತರದ ಆಳು. ಕೆಂಚು ಗಡ್ಡ. ಕಿವಿಯ ತುದಿಗೆ ಕಪ್ಪು ಗ್ರೀಸ್.

"ಕ್ಷಮಿಸಿ. ನಾನು ಇನ್ನಿಸ್ ಲೇಡ್ಲಾ. ಎಡಿನ್‌ಬರೋದಿಂದ ಬಂದಿದೀನಿ. ಕಂಪನ ಅಳೆಯೋನು."

"ಅಳೆಯೋರು ಕಿವಿ ಯಾಕೆ ಇಡ್ತಾರೆ?"

"ಅಳೆಯೋ ಡಬ್ಬಿ ಇನ್ನೂ ಬಿಚ್ಚಿಲ್ಲ... ಅದಕ್ಕೇ."

ಒಳಗಿಂದ ಎಫಿ ಬಂದಳು. ಎಪ್ಪತ್ತು ದಾಟಿದ ಎಫಿ ಈ ವರ್ಕ್‌ಶಾಪಿನಲ್ಲಿ ರೋನಾಳ ಅಪ್ಪನ ಕಾಲದಿಂದಲೂ ಫ್ರೇಮುಗಳಿಗೆ ಬಣ್ಣ ಬಳಿಯುವವಳು.

"ಬಿಡೇ ಪಾಪ. ಕಿವಿಗೆ ಗ್ರೀಸ್ ಹತ್ತಿದೆ ನೋಡು. ಕಳ್ಳ ಆಗಿದ್ರೆ ಕೈಗೆ ಹತ್ತಿರೋದು!"

ಇನ್ನಿಸ್ ನಕ್ಕ. ರೋನಾ ನಗಲಿಲ್ಲ.

ಅವಳಿಗೆ ಈ ಬಗೆಯ ನಗು ಗೊತ್ತಿತ್ತು. ಮೂರು ವರ್ಷದ ಹಿಂದೆ ಇನ್ನೊಬ್ಬ ಹೀಗೇ ನಗುತ್ತ ಬಂದಿದ್ದ. "ಸುಮ್ನೆ ನೋಡೋಕೆ" ಎಂದಿದ್ದ. ಅವಳ ಬೆಸುಗೆಯನ್ನು ಹೊಗಳಿದ್ದ, ಅವಳ ಕೈಯನ್ನೂ ಹಿಡಿದಿದ್ದ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಅವಳ ಫ್ರೇಮಿನ ತದ್ರೂಪು ಬೇರೊಂದು ಹೆಸರಿನಲ್ಲಿ ಅಂಗಡಿಗಳಲ್ಲಿ ತೂಗಾಡುತ್ತಿತ್ತು. ಆ ಮನುಷ್ಯ ಮತ್ತೆ ಫೋನು ಎತ್ತಿರಲಿಲ್ಲ.

*ಇವನೂ ಅಂಥವನೇನೋ... ಯಾರಿಗೆ ಗೊತ್ತು!*

* * *

ಗ್ಲೆನ್‌ಹೋಪ್ ಕಣಿವೆಯ ಕಾಡುದಾರಿಗಳನ್ನು ಕಾಯುವವರು ಹನ್ನೆರಡು ಜನ. ಬಿದ್ದ ಮರ ತೆಗೆಯುವುದು, ಕಾಲು ಮುರಿದುಕೊಂಡವರನ್ನು ಹುಡುಕುವುದು... ದಿನವಿಡೀ ಬೇರು, ಬಂಡೆಗಳ ಮೇಲೆ ಸೈಕಲ್ ಸವಾರಿ. ವರ್ಷಗಟ್ಟಲೆ ಆ ನಡುಕ ಕೈಗೆ ಏರಿ ಏರಿ ಅವರ ಬೆರಳುಗಳು ಜೋಮು ಹಿಡಿಯತೊಡಗಿದ್ದವು.

ಅವರ ಮುಂದಾಳು ಮೋರಾಗ್ ಡಾಲ್ಗ್ಲಿಶ್. ಚಳಿಯ ಬೆಳಗಿನಲ್ಲಿ ಆಕೆಯ ಬೆರಳು ಸುಣ್ಣದಂತೆ ಬೆಳ್ಳಗಾಗುತ್ತಿದ್ದವು. "ನನ್ನ ಕೋಟಿನ ಗುಂಡಿ ನನ್ನ ಗಂಡ ಹಾಕ್ತಾನೆ. ಮದುವೆಯಾಗಿ ಮೂವತ್ತು ವರ್ಷಕ್ಕೆ ಈಗ ಶುರುವಾಗಿದೆ ಅವನ ಪ್ರೇಮ!" ಎಂದು ಆಕೆಯೇ ತಮಾಷೆ ಮಾಡುತ್ತಿದ್ದಳು. ಕೇಳಿದವರು ಯಾರೂ ನಗುತ್ತಿರಲಿಲ್ಲ.

ಹಾಗಾಗಿ ಈ ಪರೀಕ್ಷೆ. ನಾಲ್ಕು ಫ್ರೇಮ್. ಒಂದು ಅಲ್ಯೂಮಿನಿಯಂ, ಒಂದು ಕಾರ್ಬನ್, ಒಂದು ಟೈಟಾನಿಯಂ, ಒಂದು ಉಕ್ಕು. ಅಳತೆ ಒಂದೇ, ಚಕ್ರ ಒಂದೇ, ಟೈರಿನ ಗಾಳಿಯೂ ಒಂದೇ. ಯಾವುದು ಯಾವುದೆಂದು ಗೊತ್ತಾಗದಂತೆ ಎಫಿ ಎಲ್ಲಕ್ಕೂ ಒಂದೇ ಬೂದು ಬಣ್ಣ ಬಳಿದು ನಂಬರ್ ಬರೆದಿದ್ದಳು. ಅತಿ ಕಡಿಮೆ ನಡುಗುವ ಫ್ರೇಮು ಹನ್ನೆರಡೂ ಜನರಿಗೆ.

ಉಕ್ಕಿನದು ರೋನಾಳದು. ಮೂರನೇ ನಂಬರ್. ಸವಾರರಿಗೆ ಗೊತ್ತಿರಲಿಲ್ಲ, ಅವಳಿಗೆ ಹೇಗೆ ಗೊತ್ತಾಗದೆ ಇರುತ್ತದೆ?

"ಉಕ್ಕು ಕೈಯನ್ನು ನೋಯಿಸುವುದಿಲ್ಲ" ಎಂದು ಅಪ್ಪ ಆರ್ಚಿ ಬಾಗಿಲ ಮೇಲಿನ ಬೋರ್ಡಿನಲ್ಲಿ ಬರೆಸಿದ್ದ. ಇಪ್ಪತ್ತಾರು ವರ್ಷದಿಂದ ಕಣಿವೆಯ ಜನ ಅದನ್ನೇ ಹೇಳುತ್ತ ಬಂದಿದ್ದರು: "ಟರ್ನ್‌ಬುಲ್ ಸೈಕಲ್ ಹತ್ತಿದ್ರೆ ಸೋಫಾ ಮೇಲೆ ಕೂತಂಗೆ!" ಅಪ್ಪ ತೀರಿಕೊಂಡು ಆರು ವರ್ಷ. ಅಪ್ಪ ಹೇಳಿದ್ದು ನಿಜ ಎಂದು ಒಮ್ಮೆ, ಒಂದೇ ಒಮ್ಮೆ, ಅಳತೆಯಲ್ಲಿ ಸಾಬೀತಾಗಲಿ ಎಂಬುದಷ್ಟೇ ರೋನಾಳ ಆಸೆ.

ಆ ಅಳತೆ ಈಗ ಈ ಕೆಂಚು ಗಡ್ಡದವನ ಕೈಯಲ್ಲಿತ್ತು.

* * *

ಮಂಗಳವಾರ, ಮೊದಲ ದಿನ. 'ಮುದುಕಿಯ ಬೆನ್ನೆಲುಬು' ಎಂಬ ಹೆಸರಿನ ಕಲ್ಲುದಾರಿ. ಇನ್ನಿಸ್ ಬೆಳಿಗ್ಗೆ ಅಂಗಳದಲ್ಲೇ ನಾಲ್ಕಕ್ಕೂ ಗಾಳಿ ತುಂಬಿ, ಮೀಟರಿನಲ್ಲಿ ಇಪ್ಪತ್ತೆರಡು ಪೌಂಡಿಗೆ ನಿಲ್ಲಿಸಿದ. ಹ್ಯಾಂಡಲಿಗೆ ಬೆಂಕಿಪೊಟ್ಟಣದಷ್ಟು ಡಬ್ಬಿಯೊಂದನ್ನು ಕಟ್ಟಿದ. ಮೂರನೆಯದನ್ನು ರೋನಾ ದಾರಿಯ ಬುಡಕ್ಕೆ ತಳ್ಳಿಕೊಂಡು ಹೋದಳು. ಉಳಿದ ಮೂರನ್ನು ಎಫಿ ವ್ಯಾನಿನಲ್ಲಿ ತಂದಳು.

ಮೋರಾಗ್ ಒಂದೊಂದನ್ನೂ ಓಡಿಸಿದಳು. ಮೂರನೆಯದರಿಂದ ಇಳಿದವಳೇ ಹುಬ್ಬೇರಿಸಿ, "ಇದ್ಯಾವ ಮಾಯೆ ಮಾರಾಯ! ಕಲ್ಲೆಲ್ಲ ಎಲ್ಲಿಗೆ ಹೋದ್ವು?" ಎಂದಳು.

ಇನ್ನಿಸ್ ಪರದೆ ನೋಡಿ ಸಿಳ್ಳೆ ಹಾಕಿದ. "ಉಳಿದವಕ್ಕಿಂತ ಐದರಲ್ಲೊಂದು ಪಾಲು ಕಮ್ಮಿ ನಡುಕ!"

ರೋನಾಳ ಎದೆ ಉಬ್ಬಿತು. *ಅಪ್ಪಾ... ಕೇಳಿಸ್ತಾ?*

ಊಟದ ಹೊತ್ತಿಗೆ ಅವಳು ತಂದಿದ್ದ ಬನ್ನಿನಂಥ ಚೀಸ್ ಸ್ಕೋನ್‌ನಲ್ಲಿ ಅರ್ಧ ಅವನಿಗೆ ಕೊಟ್ಟಳು. ಬಂಡೆಯ ಮೇಲೆ ಪಕ್ಕಪಕ್ಕ ಕುಳಿತರು.

"ನೀವು ಕೊಳವೆ ಜೋಡಿಸಿರೋ ಜಾಗ... ಬೆರಳಾಡಿಸಿದ್ರೆ ಎಲ್ಲಿ ಶುರು, ಎಲ್ಲಿ ಮುಗೀತು ಗೊತ್ತೇ ಆಗಲ್ಲ," ಎಂದ ಅವನು.

"ಯಾವುದು ನಂದು ಅಂತ ನಿಮಗೆ ಹೇಗೆ ಗೊತ್ತು?"

"ಉಳಿದ ಮೂರನ್ನ ನೀವು ಕಣ್ಣೆತ್ತಿ ಕೂಡ ನೋಡಲ್ಲ."

ಅವಳಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಒಂದು ಕ್ಷಣ ಇಬ್ಬರ ನೋಟವೂ ಸಿಕ್ಕಿಕೊಂಡು, ಬಿಡಿಸಿಕೊಳ್ಳುವುದನ್ನು ಮರೆಯಿತು...

ಊಟ ಮುಗಿಸಿ ಅವನು ಸೈಕಲ್ಲುಗಳ ಹತ್ತಿರ ಹೋಗಿ ಟೈರುಗಳಿಗೆ ಮೀಟರ್ ಹಿಡಿದ. ಒಂದು. ಎರಡು. ಮೂರು.

ಮೂರನೆಯದರ ಹತ್ತಿರ ಅವನ ಕೈ ನಿಂತಿತು. ಮತ್ತೊಮ್ಮೆ ಹಿಡಿದು ನೋಡಿದ. ನಿಧಾನವಾಗಿ ತಿರುಗಿ ರೋನಾಳ ಕಡೆ ನೋಡಿದ.

ಆ ನೋಟದಲ್ಲಿ ಸ್ವಲ್ಪ ಹೊತ್ತಿನ ಹಿಂದಿನ ಮನುಷ್ಯ ಇರಲೇ ಇಲ್ಲ.

"ಏನಾಯ್ತು?"

"ಏನಿಲ್ಲ."

ಸಂಜೆಯವರೆಗೂ ಅವನು ಅವಳ ಜೊತೆ ನಾಲ್ಕು ಮಾತು ಆಡಲಿಲ್ಲ.

* * *

ಬುಧವಾರ. ರೋನಾ ಮೂರನೆಯದನ್ನು ದಾರಿಯ ಬುಡದಲ್ಲಿ ನಿಲ್ಲಿಸಿ, ಮರೆತ ಕೈಗವಸು ತರಲು ವರ್ಕ್‌ಶಾಪಿಗೆ ಹೋಗಿ ಬಂದಳು. ಬೇಲಿಯ ಸಂದಿಯಿಂದ ಕಂಡ ದೃಶ್ಯಕ್ಕೆ ಅವಳ ಕಾಲು ನೆಲಕ್ಕೆ ಅಂಟಿಕೊಂಡಿತು.

ಇನ್ನಿಸ್ ವ್ಯಾನಿನ ಮರೆಯಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದ. ಅತ್ತಿತ್ತ ನೋಡಿದ. ಜೇಬಿನಿಂದ ಕೈಪಂಪು ತೆಗೆದ. ಮೂರನೇ ನಂಬರಿಗೆ, ಅದೊಂದಕ್ಕೆ ಮಾತ್ರ, ಸದ್ದಾಗದಂತೆ ಗಾಳಿ ತುಂಬಿದ!

ಅಂದಿನ ಅಳತೆಯಲ್ಲಿ ಮೂರನೆಯದಕ್ಕೂ ಉಳಿದವಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಮೋರಾಗ್ ತಲೆ ಕೆರೆದುಕೊಂಡಳು. "ನಿನ್ನೆ ಸೋಫಾ, ಇವತ್ತು ಚರ್ಚಿನ ಬೆಂಚು. ಏನಾಯ್ತು ಇದಕ್ಕೆ?"

ಇನ್ನಿಸ್ ತಲೆ ಎತ್ತಲಿಲ್ಲ.

ರೋನಾ ದೂರ ಸರಿದು ನಿಂತಳು. *ಗಟ್ಟಿ ಟೈರು ಅಂದ್ರೆ ಜಾಸ್ತಿ ನಡುಕ. ಬೇಕು ಬೇಕಂತಲೇ ನನ್ನದನ್ನ ಕೆಡಿಸ್ತಿದಾನೆ. ಯಾರು ಕಳಿಸಿದ್ರು ಇವನನ್ನ? ಕಾರ್ಬನ್‌ನವರಾ? ಸ್ಕೋನ್ ತಿಂದ ಕೈಯಿಂದಲೇ...!*

ಆ ದಿನ ಅವಳು ಬೆಸುಗೆ ಹಾಕಿದ್ದೆಲ್ಲ ವಕ್ರವಾಯಿತು. ಎಫಿ ಇಣುಕಿ ನೋಡಿ, "ಇದೇನೇ, ಹಾವು ಮಾಡ್ತಿದೀಯಾ?" ಎಂದಳು.

"ಎಫಿ, ಒಬ್ಬ ಮನುಷ್ಯ ಒಳ್ಳೆಯವನು ಅಂತ ಹೇಗೆ ಗೊತ್ತಾಗುತ್ತೆ?"

"ಗೊತ್ತಾಗಲ್ಲ. ಅದಕ್ಕೇ ನಾನು ಮೂರು ಸಲ ಮದುವೆಯಾಗಿದ್ದು."

* * *

ಗುರುವಾರ ಅವಳು ಬೇಲಿಯ ಹಿಂದೆಯೇ ಕಾದು ನಿಂತಳು. ಅವನು ಪಂಪು ತೆಗೆದ ಕ್ಷಣವೇ ಹೋಗಿ ಅವನ ಮಣಿಕಟ್ಟು ಹಿಡಿದಳು.

"ಸಿಕ್ಕಿಬಿದ್ರಿ, ಲೇಡ್ಲಾ."

ಅವನು ಬೆಚ್ಚಿದ. ಆದರೆ ಕೈ ಬಿಡಿಸಿಕೊಳ್ಳಲಿಲ್ಲ.

"ಯಾರು ಹೇಳಿಕೊಟ್ರು ಇದನ್ನ? ನಾಳೆ ಊರಿನ ಹಾಲ್‌ನಲ್ಲಿ ಫಲಿತಾಂಶ ಓದೋ ಹೊತ್ತಿಗೆ ಎಲ್ಲರ ಮುಂದೆ ಹೇಳ್ತೀನಿ! ಮೋರಾಗ್‌ಗೂ ಹೇಳ್ತೀನಿ! ನಾಚಿಕೆ ಆಗಲ್ವಾ ನಿಮಗೆ?"

"ಹೇಳಿ," ಎಂದ ಅವನು ಮೆಲ್ಲಗೆ. "ಆದರೆ ಅದಕ್ಕೂ ಮುಂಚೆ ಇದನ್ನೊಂದು ಸಲ ನೋಡಿ."

ಜೇಬಿನಿಂದ ನೋಟ್‌ಬುಕ್ ತೆಗೆದು ಅವಳ ಕೈಗಿಟ್ಟ. ಅಚ್ಚುಕಟ್ಟಾದ ಸಣ್ಣ ಅಕ್ಷರ.

ಮಂಗಳವಾರ ಬೆಳಿಗ್ಗೆ ನಾಲ್ಕೂ ಇಪ್ಪತ್ತೆರಡು. ಮಧ್ಯಾಹ್ನ ಮೂರನೆಯದು ಮಾತ್ರ ಹದಿನೆಂಟು. ಬುಧವಾರ, ಓಟಕ್ಕೆ ಮುಂಚೆ, ಮೂರನೆಯದು ಮಾತ್ರ ಹದಿನೆಂಟು. ಇವತ್ತು... ಮತ್ತೆ ಹದಿನೆಂಟು.

"ಮೆತ್ತಗಿನ ಟೈರು ನಡುಕ ನುಂಗುತ್ತೆ. ನಿಮಗೆ ಗೊತ್ತು," ಎಂದ ಅವನು. "ಮಂಗಳವಾರ ಗೆದ್ದಿದ್ದು ಫ್ರೇಮ್ ಅಲ್ಲ. ಸೋರುತ್ತಾ ಅಂತ ನೀರಲ್ಲಿ ಮುಳುಗಿಸಿ ನೋಡಿದೆ. ಒಂದು ಗುಳ್ಳೆ ಬರಲಿಲ್ಲ. ಯಾರೋ ದಿನಾ ಗಾಳಿ ಬಿಡ್ತಿದಾರೆ. ಅಂಗಳದಿಂದ ಇಲ್ಲಿಗೆ ಬರೋ ಅಷ್ಟರಲ್ಲಿ."

ಅಂಗಳದಿಂದ ಇಲ್ಲಿಯವರೆಗೆ ಅದನ್ನು ತರುವವಳು ಒಬ್ಬಳೇ.

ರೋನಾಳ ಮುಖಕ್ಕೆ ರಕ್ತ ನುಗ್ಗಿತು. "ನಾನು ಅಂತೀರಾ? ನಾನು ಮೋಸ ಮಾಡ್ತಿದೀನಿ ಅಂತಾನಾ?"

ಅವನ ನೋಟ ಪಂಪಿನ ಕಡೆ ಇಳಿಯಿತು.

"ಬಾಯಿ ಬಿಟ್ಟು ಹೇಳಿ! ನಾನು ಕಳ್ಳೀನಾ?"

"ಗೊತ್ತಿಲ್ಲ, ರೋನಾ," ಎಂದ ಅವನು. "ಎರಡು ದಿನದಿಂದ ನಂಬೋಕೂ ಆಗ್ತಿಲ್ಲ, ನಂಬದೆ ಇರೋಕೂ ಆಗ್ತಿಲ್ಲ. ಬರೆದು ಕೊಟ್ಟರೆ ನಿಮ್ಮ ಹೆಸರು ಹೋಗುತ್ತೆ. ಅದಕ್ಕೇ ಬಾಯಿ ಮುಚ್ಕೊಂಡು ಕದ್ದು ಗಾಳಿ ತುಂಬಿದೆ. ನನ್ನ ಕೆಲಸದಲ್ಲಿ ಅದೂ ತಪ್ಪೇ."

'ಹೌದು, ಕಳ್ಳಿ' ಎಂದಿದ್ದರೆ ಅವಳು ಜಗಳ ಆಡಬಹುದಿತ್ತು. 'ಗೊತ್ತಿಲ್ಲ' ಎಂಬುದಕ್ಕೆ ಏನು ಮಾಡುವುದು?

"ನಾನು ಮುಟ್ಟಿಲ್ಲ," ಎಂದಳು. "ನಮ್ಮಪ್ಪನಾಣೆಗೂ ಮುಟ್ಟಿಲ್ಲ!"

ನೋಟ್‌ಬುಕ್ಕನ್ನು ಅವನ ಎದೆಗೆ ಒತ್ತಿ ಕೊಟ್ಟು, ತಿರುಗಿ ನೋಡದೆ ನಡೆದಳು.

* * *

ವರ್ಕ್‌ಶಾಪಿನಲ್ಲಿ ಎಫಿ ಊಟಕ್ಕೆ ಮನೆಗೆ ಹೊರಡುತ್ತಿದ್ದಳು. "ನನ್ನ ಸೈಕಲ್ ಇಳಿಸಿಕೊಡೇ. ಸೊಂಟ ಹಿಡ್ಕೊಂಡಿದೆ."

ರೋನಾ ಕಣ್ಣೊರೆಸಿಕೊಂಡು ಗೋಡೆಯ ಕೊಕ್ಕೆಯಿಂದ ಸೈಕಲ್ ಇಳಿಸಿದಳು. ಅದೇ ಕೋಪದಲ್ಲಿ ಮಾತಾಡುತ್ತಲೇ ಇದ್ದಳು. "ನಾನು ಗಾಳಿ ಬಿಟ್ಟೆ ಅಂತಾನೆ ಎಫಿ! ನಾನು! ಅವನ ಟೈರಿಗೆ ನಾನ್ಯಾಕೆ ಕೈ ಹಾಕ್ಲಿ? ಅಷ್ಟು ಕೀಳಾ ನಾನು?"

ಪುಸ್ಸ್...

"ಹೂಂ, ಆಯ್ತಲ್ಲ. ಕೊಡಿಲ್ಲಿ," ಎಂದು ಎಫಿ ಕೈ ಚಾಚಿದಳು.

"ಏನಾಯ್ತಲ್ಲ?"

"ನಿನ್ನ 'ಪುಸ್ಸ್' ಆಯ್ತಲ್ಲ ಅಂದೆ. ಈಗ ಕೊಡು."

ರೋನಾ ಕೆಳಗೆ ನೋಡಿದಳು.

ಅವಳ ಎಡಗೈ ಟೈರನ್ನು ಹಿಡಿದಿತ್ತು. ಬಲಗೈಯ ಹೆಬ್ಬೆರಳು ವಾಲ್ವಿನ ತುದಿಯ ಮೇಲಿತ್ತು.

ಬೆರಳನ್ನು ಥಟ್ಟನೆ ಹಿಂದಕ್ಕೆಳೆದುಕೊಂಡಳು.

"ಎಫಿ... ನಾನು ಇದನ್ನ ಯಾವಾಗಲೂ ಮಾಡ್ತೀನಾ?"

"ಅಯ್ಯೋ, ನಿಮ್ಮಪ್ಪನೂ ಹಾಗೇ ಅಲ್ವಾ! ಕಣಿವೇಲಿ ಮರದ ಬೇರುಗಳೆಲ್ಲ ಒದ್ದೆ, ಮೆತ್ತಗಿದ್ರೆ ಜಾರಲ್ಲ ಅಂತ ಶುರು ಮಾಡಿದ್ದು. ಗಿರಾಕಿ ಕೈಗೆ ಸೈಕಲ್ ಕೊಡೋಕೆ ಮುಂಚೆ ಟೈರು ಅದುಮೋದು, ಪುಸ್ಸ್ ಅನ್ನಿಸೋದು. ನೀನು ಎಂಟು ವರ್ಷದವಳಿದ್ದಾಗಲೇ ಅವನ ಪಕ್ಕ ನಿಂತು ಕಲ್ತೆ. ಯಾಕೇ? ಯಾಕೆ ಹಾಗೆ ಬಿಳಿಚಿಕೊಂಡೆ?"

ರೋನಾ ಪಂಪು ತಂದು ಟೈರನ್ನು ಇಪ್ಪತ್ತೆರಡಕ್ಕೆ ತುಂಬಿದಳು. ಸೈಕಲ್ಲನ್ನು ಮತ್ತೆ ಕೊಕ್ಕೆಗೆ ಹಾಕಿ, ಕಣ್ಣು ಮುಚ್ಚಿ ಇಳಿಸಿದಳು. ಕೈಯನ್ನು ಅದರ ಪಾಡಿಗೆ ಬಿಟ್ಟಳು. ಮೀಟರ್ ಹಿಡಿದಳು.

ಹದಿನೆಂಟು.

ಮತ್ತೆ ಗಾಳಿ ತುಂಬಿ ಇನ್ನೊಮ್ಮೆ. ಹದಿನೆಂಟು.

ಮೂರನೇ ಸಲ ಮೀಟರ್ ನೋಡುವ ಧೈರ್ಯವಾಗಲಿಲ್ಲ. ನೆಲದ ಮೇಲೆ ಕುಳಿತುಬಿಟ್ಟಳು.

ಈ ಮೂರು ದಿನ ಬೇರೆಯವರ ಸೈಕಲ್ಲುಗಳನ್ನು ಮುಟ್ಟಿರಲಿಲ್ಲ. ತನ್ನದನ್ನು ಮಾತ್ರ ಕೈಗೆತ್ತಿಕೊಂಡಿದ್ದಳು. ಕೈಗೆತ್ತಿಕೊಂಡಾಗಲೆಲ್ಲ... ಅವಳಿಗೇ ತಿಳಿಯದೆ...

ಅದಕ್ಕಿಂತ ಕೆಟ್ಟ ಯೋಚನೆ ನಿಧಾನವಾಗಿ ಬಂತು. *ಇಪ್ಪತ್ತಾರು ವರ್ಷ ಎಲ್ಲರೂ ಹೊಗಳಿದ್ದು ಯಾವುದನ್ನ? ಅಪ್ಪನ ಉಕ್ಕನ್ನಾ... ಅಪ್ಪನ ಹೆಬ್ಬೆರಳನ್ನಾ?*

* * *

ಇನ್ನಿಸ್ ಬೇಕರಿಯಲ್ಲಿ ತಣ್ಣಗಾದ ಬೇಳೆ ಸೂಪಿನ ಮುಂದೆ ಕುಳಿತಿದ್ದ. ರೋನಾ ಎದುರಿನ ಕುರ್ಚಿ ಎಳೆದುಕೊಂಡು, ಉಸಿರು ಕೂಡ ತೆಗೆದುಕೊಳ್ಳದೆ ಹೇಳಿದಳು.

"ನಾನೇ."

ಅವನ ಚಮಚ ಕೈಜಾರಿ ಬಟ್ಟಲಿಗೆ ಬಿತ್ತು.

ಅವಳು ಎಲ್ಲವನ್ನೂ ಹೇಳಿದಳು. ಹೇಳುತ್ತಿದ್ದಾಗ ಅವನ ಮುಖ ಒಂದೊಂದೇ ಗಂಟು ಬಿಚ್ಚಿಕೊಂಡಂತೆ ಸಡಿಲವಾಯಿತು.

"ನಂಬ್ತೀರಾ?" ಎಂದು ಕೇಳಿದಳು.

"ಬೇಕು ಅಂತ ಮಾಡೋಳು ಮೂರು ದಿನವೂ ಸರಿಯಾಗಿ ಹದಿನೆಂಟಕ್ಕೇ ನಿಲ್ಲಿಸಲ್ಲ. ಒಂದು ದಿನ ಹತ್ತೊಂಬತ್ತು, ಒಂದು ದಿನ ಹದಿನಾರು ಆಗಿರೋದು. ಇದು ನನಗೆ ಮೊದಲೇ ಹೊಳೀಬೇಕಿತ್ತು." ಅವನು ತಲೆ ತಗ್ಗಿಸಿದ. "ಮೊದಲ ದಿನವೇ ನಿಮ್ಮನ್ನ ಕೇಳಿದ್ರೆ ಇಷ್ಟೆಲ್ಲ ಆಗ್ತಿರಲಿಲ್ಲ. ಕೇಳೋಕೆ ಹೆದರಿದೆ. 'ಹೌದು' ಅಂದುಬಿಟ್ರೆ ಅಂತ..."

"ಅಂದಿದ್ರೆ ನಿಮಗೇನು?"

ಅವನು ಬಟ್ಟಲಿನಿಂದ ಚಮಚ ಹೆಕ್ಕಿಕೊಂಡ. ಕಿವಿ ಕೆಂಪಾಯಿತು.

ಆಮೇಲೆ ತುಸು ತಡವರಿಸಿ ಹೇಳಿದ. "ನೋಡಿ... ಮಂಗಳವಾರದ ಅಳತೆಯನ್ನ ಬಿಟ್ಟುಬಿಡ್ತೀನಿ. ಡಬ್ಬಿ ಕೆಟ್ಟಿತ್ತು ಅಂದ್ರಾಯ್ತು. ಹೆಬ್ಬೆರಳಿನ ವಿಷಯ ಯಾರಿಗೂ ಗೊತ್ತಾಗೋದು ಬೇಡ. ನಿಮ್ಮಪ್ಪನ ಬೋರ್ಡು ಹಾಗೇ ಇರಲಿ."

ರೋನಾ ಕಿಟಕಿಯಾಚೆ ನೋಡಿದಳು. ಎಷ್ಟು ಸುಲಭ! ಒಂದು 'ಹೂಂ' ಅಂದರೆ ಸಾಕು.

"ಮೋರಾಗ್‌ಳ ಬೆರಳು ನೋಡಿದೀರಾ ನೀವು?" ಎಂದಳು ಕೊನೆಗೆ. "ನೋವು ಕಮ್ಮಿ ಮಾಡೋದು ಗಾಳಿ ಅಂತ ನನಗೆ ಗೊತ್ತಿದ್ದೂ ಫ್ರೇಮ್ ಮಾರಿದ್ರೆ... ಆಗ ನಾನು ನಿಜವಾಗಲೂ ಕಳ್ಳಿ ಅಲ್ವಾ, ಇನ್ನಿಸ್?"

ಅವಳು ಅವನನ್ನು 'ಇನ್ನಿಸ್' ಎಂದು ಕರೆದದ್ದು ಅದೇ ಮೊದಲು.

ಆ ಮಧ್ಯಾಹ್ನ ಇಬ್ಬರೂ ನಾಲ್ಕೂ ಸೈಕಲ್ಲುಗಳನ್ನು ದಾರಿಯ ಬುಡಕ್ಕೆ ಒಯ್ದು, ಅಲ್ಲೇ ಒಬ್ಬರ ಎದುರು ಒಬ್ಬರು ಗಾಳಿ ಅಳೆದು, ಮೋರಾಗ್‌ಳಿಂದ ಮತ್ತೆ ಓಡಿಸಿದರು. ರೋನಾ ಪೂರ್ತಿ ಹೊತ್ತು ಕೈಗಳನ್ನು ಕೋಟಿನ ಜೇಬಿನಲ್ಲೇ ಇಟ್ಟುಕೊಂಡಿದ್ದಳು.

* * *

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆ. ಊರಿನ ಹಾಲ್ ತುಂಬಿತ್ತು.

ರೋನಾ ಎದ್ದು ನಿಂತಳು. ಯಾವ ಮುಚ್ಚುಮರೆಯೂ ಇಲ್ಲದೆ ಹೇಳಿದಳು: ಹೆಬ್ಬೆರಳು, ಹದಿನೆಂಟು, ಇಪ್ಪತ್ತಾರು ವರ್ಷ, ಅಪ್ಪ.

ಹಿಂದಿನ ಸಾಲಿನಿಂದ ಯಾರೋ, "ಅಂದ್ರೆ ಆರ್ಚಿ ನಮಗೆ ಮಾರಿದ್ದು ಗಾಳೀನಾ?" ಎಂದು ಕೂಗಿದರು. ನಗು ಎದ್ದಿತು. ಅವಳ ಕಣ್ಣು ತುಂಬಿ ಬಂತು. ಆದರೂ ಕುಳಿತುಕೊಳ್ಳಲಿಲ್ಲ.

ಇನ್ನಿಸ್ ಎದ್ದ. "ಸೈಕಲ್ ಮಾಡಿದ್ದು ಆರ್ಚಿಯವರೇ. ಗಾಳಿ ಬಿಟ್ಟಿದ್ದೂ ಅವರೇ, ನೀವು ಜಾರಿ ಬೀಳದಿರಲಿ ಅಂತ. ಎರಡನ್ನೂ ಬಿಡಿಸಿ ಅಳೆದಿರಲಿಲ್ಲ, ಅಷ್ಟೇ. ಇನ್ನೊಂದು ವಿಷಯ. ಇದು ಗೊತ್ತಿದ್ದೂ ಎರಡು ದಿನ ಮುಚ್ಚಿಟ್ಟವನು ನಾನು."

ಮೋರಾಗ್ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು. "ನನಗೆ ಅರ್ಥ ಆಗೋ ಹಾಗೆ ಹೇಳಪ್ಪ. ಗಾಳಿ ಸರಿಸಮ ಇದ್ರೆ ಈ ನಾಲ್ಕು ಫ್ರೇಮಿಗೆ ಎಷ್ಟು ವ್ಯತ್ಯಾಸ?"

"ಇದೆ. ಉಕ್ಕೂ ಟೈಟಾನಿಯಮ್ಮೂ ಕೂದಲೆಳೆ ಮೆತ್ತಗೆ. ಆದರೆ ನಾಲ್ಕರ ನಡುವಿನ ವ್ಯತ್ಯಾಸ, ರೋನಾಳ ಹೆಬ್ಬೆರಳು ಬಿಟ್ಟ ಗಾಳಿಯಿಂದ ಆದದ್ದರ ಅರ್ಧದಷ್ಟೂ ಇಲ್ಲ."

"ಹಾಗಾದ್ರೆ ಫ್ರೇಮ್ ಬದಲಾಯಿಸೋದೇ ಬೇಡ. ಇರೋದಕ್ಕೇ ಅಗಲದ ಟೈರು ಹಾಕಿ, ಗಾಳಿ ಕಮ್ಮಿ ಇಟ್ಕೊಂಡ್ರೆ?"

"ಕೈಗೆ ಅದೇ ಒಳ್ಳೇದು."

ಹನ್ನೆರಡು ಸೈಕಲ್ಲುಗಳ ಆರ್ಡರು ಒಂದೇ ಮಾತಿನಲ್ಲಿ ಹೋಯಿತು. ರೋನಾ ತಲೆಯಾಡಿಸಿದಳು. ಹೋಗಲೇಬೇಕಿತ್ತು.

ಮೋರಾಗ್ ಬಾಗಿಲ ಬಳಿ ಅವಳನ್ನು ತಡೆದಳು. ಬೆಳ್ಳಗಿನ ಬೆರಳುಗಳಿಂದ ಅವಳ ಭುಜ ಹಿಡಿದಳು. "ನೀನು ಸುಮ್ನಿದ್ದಿದ್ರೆ ನಾನು ಹೊಸ ಸೈಕಲ್ ಮೇಲೆ ಗಟ್ಟಿ ಟೈರು ಹಾಕ್ಕೊಂಡು ಇನ್ನೈದು ವರ್ಷ ಕೈ ಸಾಯಿಸ್ಕೋತಿದ್ದೆ ಹುಡುಗಿ. ಸೋಮವಾರ ನನ್ನ ಶೆಡ್ಡಿಗೆ ಬಾ. ಗಾಳಿ ಎಷ್ಟಿರಬೇಕು ಅಂತ ನಮ್ಮೋರಿಗೆಲ್ಲ ನೀನೇ ಕಲಿಸ್ಬೇಕು."

* * *

ಹಾಲ್‌ನ ಹಿಂದೆ ಹೊಳೆ. ರೋನಾ ಸೇತುವೆಯ ಕಟ್ಟೆಗೆ ಒರಗಿ ನಿಂತಿದ್ದಳು. ಇನ್ನಿಸ್ ಬಂದು ಪಕ್ಕದಲ್ಲಿ ನಿಂತ, ಮೊಣಕೈ ತಾಗಿಯೂ ತಾಗದಷ್ಟು ದೂರದಲ್ಲಿ.

"ಒಂದು ಕೇಳ್ತೀನಿ," ಎಂದಳು ಅವಳು ನೀರನ್ನೇ ನೋಡುತ್ತ. "ನಾನು ಕಳ್ಳಿ ಇರಬಹುದು ಅಂತ ಅನುಮಾನ ಇತ್ತು. ಆದರೂ ನನ್ನನ್ನ ಕಾಪಾಡೋಕೆ ನೋಡಿದೆ. ಯಾಕೆ?"

ಅವಳು 'ನೀನು' ಎಂದದ್ದನ್ನು ಅವನು ಗಮನಿಸಿದ. ಉಸಿರು ಎಳೆದುಕೊಂಡ.

"ಪ್ರೀತಿ ಆಗಿಹೋಗಿತ್ತು. ಮೊದಲ ದಿನ, ಬಂಡೆ ಮೇಲೆ ಕೂತಿದ್ದಾಗಲೇ. ಆಮೇಲೆ ಬಂತು ಅನುಮಾನ. ಅದು ಬಂದ ಮೇಲೂ ಇದು ಹೋಗಲಿಲ್ಲ. ಎರಡನ್ನೂ ಇಟ್ಕೊಂಡು ಎರಡು ದಿನ ನಿದ್ದೆ ಇಲ್ಲ ರೋನಾ."

ಅವಳು ಅವನತ್ತ ಅರ್ಧ ತಿರುಗಿದಳು. "ನಾನೂ ನಿನ್ನನ್ನ ಕಳ್ಳ ಅಂದ್ಕೊಂಡಿದ್ದೆ. ಬೇಲಿ ಹಿಂದೆ ನಿಂತು ಎಷ್ಟು ಬೈದೆ ಗೊತ್ತಾ! ಬೈತಾ ಬೈತಾನೇ... ಅವನು ಹೊರಟುಹೋದ್ರೆ ಹೇಗಿರುತ್ತೆ ಅಂತ ಅಳುನೂ ಬಂತು. ನನ್ನಂಥ ಪೆದ್ದಿ ಈ ಕಣಿವೇಲೇ ಇಲ್ಲ!"

ಅವನು ಅವಳ ಕೈ ಹಿಡಿದ. ಬೆಸುಗೆಯ ಕಿಡಿ ತಾಗಿ ಚುಕ್ಕಿಚುಕ್ಕಿಯಾದ ಕೈ. ಅವಳು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ಇವತ್ತು ಹೊರಡ್ತೀಯಾ?"

"ಹೂಂ. ವರದಿ ಕೊಡ್ಬೇಕು. ನಾನು ಕದ್ದು ಗಾಳಿ ತುಂಬಿದ್ದನ್ನೂ ಬರೀತೀನಿ. ಇನ್ನು ಮೇಲೆ ಇಂಥ ಪರೀಕ್ಷೆಗೆ ನನ್ನನ್ನ ಕಳಿಸಲ್ಲ ಅನ್ಸುತ್ತೆ."

"ಮತ್ತೆ ಇಲ್ಲಿಗೆ ಹೇಗೆ ಬರ್ತೀಯಾ?"

"ಡಬ್ಬಿ, ಮೀಟರ್ ಏನೂ ಇಲ್ದೆ, ಸುಮ್ನೆ ಬರ್ತೀನಿ."

"ಯಾವಾಗ?"

"ಶನಿವಾರ."

ರೋನಾ ಅವನ ಕಡೆ ತಿರುಗಿದಳು. ಒದ್ದೆ ಕಣ್ಣುಗಳಲ್ಲಿ ನಗು ತುಳುಕಿತು.

"ಪೆದ್ದ... ಇವತ್ತು ಶುಕ್ರವಾರ ಕಣೋ!"

"ಗೊತ್ತು," ಎಂದ ಇನ್ನಿಸ್, ಅವಳ ಹಣೆಗೆ ಹಣೆ ತಾಗಿಸಿ. "ಅದಕ್ಕಿಂತ ಜಾಸ್ತಿ ದಿನ ನಿನ್ನ ಬಿಟ್ಟು ಇರೋಕೆ ನನ್ನಿಂದ ಆಗಲ್ಲ."